ಆಪಲ್ ಷೇರು ಈಗಲೂ ತಗೋಬಹುದಾ? ನೀವೇ ಕೂತು ಲೆಕ್ಕ ಹಾಕೋದು ಹೀಗೆ

ಆಪಲ್ ಒಳ್ಳೆ ಕಂಪನಿನಾ ಅಂತ ಕೇಳಿದ್ರೆ ಯಾರಾದ್ರೂ ಹೌದು ಅಂತಾರೆ, ನನ್ನದೂ ಅದರಲ್ಲಿ ತಕರಾರಿಲ್ಲ. ಆದ್ರೆ ಷೇರು ತಗೊಳೋರು ಕೇಳ್ಕೋಬೇಕಾದ್ದು ಬೇರೆ: ಇವತ್ತಿನ ರೇಟಿಗೆ ತಗೊಂಡ್ರೆ ಹತ್ತು ವರ್ಷದಲ್ಲಿ ಈ ದುಡ್ಡು ಎಷ್ಟಾಗಬಹುದು? ಹಳೇ ಚಾರ್ಟ್ ನೋಡಿ, ಒಂಬತ್ತು ವರ್ಷದಲ್ಲಿ ಒಂಬತ್ತು ಪಟ್ಟಾಗಿದೆ, ಇನ್ನೊಂದ್ಸಲ ಹಾಗೇ ಆಗುತ್ತೆ ಅಂತ ಹಾಕೋರು ತುಂಬಾ ಜನ ಇದ್ದಾರೆ. ಆ ಒಂಬತ್ತು ಪಟ್ಟು ಎಲ್ಲೆಲ್ಲಿಂದ ಬಂತು ಅಂತ ಬಿಡಿಸಿ ನೋಡಿದ್ರೆ ಆ ನಂಬಿಕೆಗೆ ಆಧಾರ ಸಿಗಲ್ಲ. ಇದಕ್ಕೆ ಫೈನಾನ್ಸ್ ಓದಿರ್ಬೇಕು ಅಂತೇನಿಲ್ಲ, ಫೋನಲ್ಲಿರೋ ಕ್ಯಾಲ್ಕುಲೇಟರ್ ಸಾಕು.

ಹೆಜ್ಜೆ 1: ನ್ಯೂಸ್ ಬಿಟ್ಟು ವಾರ್ಷಿಕ ವರದಿ ತೆಗೀರಿ

ಅಮೆರಿಕದಲ್ಲಿ ಲಿಸ್ಟ್ ಆಗಿರೋ ಕಂಪನಿಗಳು ವರ್ಷಕ್ಕೊಮ್ಮೆ ಎಸ್‌ಇಸಿಗೆ (ಅಲ್ಲಿನ ಷೇರು ಮಾರ್ಕೆಟ್ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಕೊಡೋ ವರದಿಗೆ ಟೆನ್-ಕೆ ಅಂತಾರೆ. ಎಸ್‌ಇಸಿಯ ಎಡ್ಗರ್ ಸೈಟಲ್ಲೂ ಸಿಗುತ್ತೆ, ಆಪಲ್‌ನ ಇನ್ವೆಸ್ಟರ್ ಪೇಜಲ್ಲೂ ಸಿಗುತ್ತೆ, ಒಂದು ಪೈಸೆ ಕೊಡ್ಬೇಕಾಗಿಲ್ಲ. ಆಪಲ್‌ನ ಲೆಕ್ಕದ ವರ್ಷ ಸೆಪ್ಟೆಂಬರ್ ಕೊನೇ ಶನಿವಾರಕ್ಕೆ ಮುಗಿಯುತ್ತೆ, ಹಾಗಾಗಿ ನಾನು ಕೆಳಗೆ 2025 ಅಂತ ಬರೆದಿರೋದು 2025ರ ಸೆಪ್ಟೆಂಬರ್ 27ಕ್ಕೆ ಮುಗಿದ ವರ್ಷ. ಪೂರ್ತಿ ಓದೋಕೆ ಹೋದ್ರೆ ಸುಸ್ತಾಗುತ್ತೆ, ಮೂರು ಟೇಬಲ್ ಹುಡುಕಿ ಸಾಕು: ಯಾವ ಪ್ರಾಡಕ್ಟಿಂದ ಎಷ್ಟು ಸೇಲ್ಸ್, ಗ್ರಾಸ್ ಮಾರ್ಜಿನ್ (ಮಾರಿದ ದುಡ್ಡಲ್ಲಿ ತಯಾರಿ ಖರ್ಚು ಕಳೆದು ಉಳಿಯೋದು), ಮತ್ತೆ ಒಂದು ಷೇರಿಗೆ ಬಿದ್ದ ಲಾಭ ಅಂದ್ರೆ ಇಪಿಎಸ್.

ಹೆಜ್ಜೆ 2: ದುಡ್ಡು ಎಲ್ಲಿಂದ ಬರ್ತಿದೆ ನೋಡಿ

2025ರಲ್ಲಿ ಒಟ್ಟು ಸೇಲ್ಸ್ 416.2 ಬಿಲಿಯನ್ ಡಾಲರ್ (ಒಂದು ಬಿಲಿಯನ್ ಅಂದ್ರೆ ನೂರು ಕೋಟಿ). ಅದರಲ್ಲಿ ಐಫೋನ್ ಒಂದೇ 209.6, ಅಂದ್ರೆ ಅರ್ಧ. ಮ್ಯಾಕ್ 33.7, ಐಪ್ಯಾಡ್ 28, ವಾಚು ಏರ್‌ಪಾಡು ಇತ್ಯಾದಿ ಸೇರಿ 35.7. ಉಳಿದ 109.2 ಬಿಲಿಯನ್ ಸರ್ವಿಸಸ್, ಅಂದ್ರೆ ಆಪ್ ಸ್ಟೋರ್ ಕಮಿಷನ್, ಐಕ್ಲೌಡ್, ಮ್ಯೂಸಿಕ್, ಟಿವಿ, ಜಾಹೀರಾತು, ಜೊತೆಗೆ ಗೂಗಲ್ ಕೊಡೋ ದುಡ್ಡು. ಆ ಗೂಗಲ್ ವಿಷಯಕ್ಕೆ ಆಮೇಲೆ ಬರ್ತೀನಿ, ಅದು ಸಣ್ಣದಲ್ಲ.

ಈಗ ಪಕ್ಕದಲ್ಲೇ ಹಿಂದಿನ ವರ್ಷಗಳ ಕಾಲಂ ಇರುತ್ತೆ, ಅಲ್ಲೇ ವಿಷಯ ಇರೋದು. ಐಫೋನ್ 2022ರಲ್ಲಿ 205.5, 2023ರಲ್ಲಿ 200.6, 2024ರಲ್ಲಿ 201.2, ಆಮೇಲೆ 209.6. ಮೂರು ವರ್ಷದಲ್ಲಿ ಹೆಚ್ಚಿದ್ದು 2 ಪರ್ಸೆಂಟ್ ಅಷ್ಟೇ! ಅದೇ ಮೂರು ವರ್ಷದಲ್ಲಿ ಸರ್ವಿಸಸ್ 78.1ರಿಂದ 109.2ಕ್ಕೆ ಹೋಗಿದೆ. ಅಂದ್ರೆ ಫೋನ್ ನಿಂತಲ್ಲೇ ನಿಂತಿದೆ, ಆ ಫೋನ್ ಕೈಯಲ್ಲಿ ಇಟ್ಕೊಂಡೋರ ಹತ್ರ ತಿಂಗಳು ತಿಂಗಳು ಬರೋ ದುಡ್ಡು ಬೆಳೀತಿದೆ.

ಮಾರ್ಜಿನ್ ಟೇಬಲ್ ನೋಡಿದ್ರೆ ಇದು ಇನ್ನೂ ಸ್ಪಷ್ಟ ಆಗುತ್ತೆ. 2024ರಲ್ಲಿ ನೂರು ಡಾಲರ್ ಸಾಮಾನು ಮಾರಿದ್ರೆ ತಯಾರಿ ಖರ್ಚು ಕಳೆದು ಉಳಿದಿದ್ದು 37 ಡಾಲರ್, ಅದೇ ನೂರು ಡಾಲರ್ ಸರ್ವಿಸಸ್ ಮಾರಿದ್ರೆ 74 ಡಾಲರ್. ಹಾಗಾಗಿ ಸೇಲ್ಸಲ್ಲಿ ಕಾಲು ಭಾಗ ಇರೋ ಸರ್ವಿಸಸ್, ಗ್ರಾಸ್ ಲಾಭದಲ್ಲಿ ಹತ್ತಿರಹತ್ತಿರ 40 ಪರ್ಸೆಂಟ್ ತರ್ತಿದೆ. ಹೊಸ ಫೋನ್ ಲಾಂಚ್ ಆದಾಗ ಕ್ಯಾಮೆರಾ ಹೇಗಿದೆ ಬಣ್ಣ ಯಾವುದು ಅಂತ ನೋಡಿ ಷೇರು ತಗೊಳೋರು ಈ ಒಂದು ಟೇಬಲ್ ನೋಡಿದ್ರೆ ಎಷ್ಟೋ ಒಳ್ಳೇದು.

ಹೆಜ್ಜೆ 3: ಒಂಬತ್ತು ಪಟ್ಟನ್ನ ಬಿಡಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಈ ಲೇಖನದಲ್ಲಿ ನಂಗೆ ಮುಖ್ಯವಾಗಿ ಹೇಳ್ಬೇಕಾಗಿರೋದೇ ಇದು.

2016ರ ಸೆಪ್ಟೆಂಬರ್ ಕೊನೇಲಿ ಆಪಲ್ ಷೇರು ಸುಮಾರು 28 ಡಾಲರ್ ಇತ್ತು. ಆವಾಗಿನ ರೇಟ್ ಬೋರ್ಡಲ್ಲಿ ಇದ್ದಿದ್ದು 112ರ ಆಸುಪಾಸು, 2020ರಲ್ಲಿ ಒಂದು ಷೇರನ್ನ ನಾಲ್ಕು ಮಾಡಿದ್ರಿಂದ ಇವತ್ತಿನ ಲೆಕ್ಕಕ್ಕೆ 28. 2025ರ ಸೆಪ್ಟೆಂಬರ್ ಕೊನೇಲಿ ಸುಮಾರು 255. ಒಂಬತ್ತು ಪಟ್ಟು ಅಂದಿದ್ದು ಇದನ್ನೇ. ಈಗ ಒಂದೊಂದಾಗಿ ನೋಡೋಣ.

ಮೊದಲನೇದು, ಕಂಪನಿಯ ಲಾಭ. 2016ರಲ್ಲಿ ನಿವ್ವಳ ಲಾಭ 45.7 ಬಿಲಿಯನ್, 2025ರಲ್ಲಿ 112. ಅಂದ್ರೆ ಎರಡೂವರೆ ಪಟ್ಟಿಗಿಂತ ಸ್ವಲ್ಪ ಕಮ್ಮಿ. ಇದು ನಿಜವಾದ ವ್ಯಾಪಾರದಿಂದ ಬಂದಿದ್ದು.

ಎರಡನೇದು, ಷೇರುಗಳ ಸಂಖ್ಯೆ. ಕಂಪನಿ ತನ್ನ ಷೇರನ್ನ ತಾನೇ ಮಾರ್ಕೆಟ್ಟಿಂದ ಕೊಂಡು ರದ್ದು ಮಾಡ್ತಾ ಬಂದಿದೆ, ಇದೇ ಬೈಬ್ಯಾಕ್. ಒಟ್ಟು ಷೇರು ಸುಮಾರು 22 ಬಿಲಿಯನ್ ಇದ್ದಿದ್ದು 15ಕ್ಕೆ ಇಳಿದಿದೆ. ಪಾಲುದಾರರು ಕಮ್ಮಿ ಆದ್ರೆ ಉಳಿದೋರ ಪಾಲು ದೊಡ್ಡದಾಗುತ್ತಲ್ಲ, ಹಾಗೆ ಇಪಿಎಸ್ 2.08ರಿಂದ 7.46ಕ್ಕೆ ಬಂತು, ಅಂದ್ರೆ 3.6 ಪಟ್ಟು.

ಲಾಭ, ಬೈಬ್ಯಾಕ್ ಎರಡೂ ಸೇರಿ 3.6 ಪಟ್ಟು ಆಯ್ತು. ರೇಟು ಮಾತ್ರ 9 ಪಟ್ಟು ಏರಿದೆ. ಉಳಿದಿದ್ದು ಎಲ್ಲಿಂದ? ಅದು ಪಿಇ. ಒಂದು ಡಾಲರ್ ಲಾಭಕ್ಕೆ ಮಾರ್ಕೆಟ್ ಎಷ್ಟು ಡಾಲರ್ ಕೊಡೋಕೆ ರೆಡಿ ಇದೆ ಅನ್ನೋದೇ ಪಿಇ, ರೇಟನ್ನ ಇಪಿಎಸ್‌ನಿಂದ ಭಾಗಿಸಿದ್ರೆ ಬರುತ್ತೆ. 2016ರಲ್ಲಿ 28ನ್ನ 2.08ರಿಂದ ಭಾಗಿಸಿದ್ರೆ 13.5ರ ಹತ್ತಿರ, 2025ರಲ್ಲಿ 255ನ್ನ 7.46ರಿಂದ ಭಾಗಿಸಿದ್ರೆ 34. ಅದೇ ಒಂದು ಡಾಲರ್ ಲಾಭಕ್ಕೆ ಜನ ಎರಡೂವರೆ ಪಟ್ಟು ಜಾಸ್ತಿ ಕೊಡ್ತಿದ್ದಾರೆ. ಇದಕ್ಕೆ ಕಾರಣ ಇಲ್ಲ ಅಂತಲ್ಲ, ಸರ್ವಿಸಸ್ ದುಡ್ಡು ಫೋನ್ ದುಡ್ಡಿಗಿಂತ ಗಟ್ಟಿ, ಅದಕ್ಕೆ ಜಾಸ್ತಿ ಬೆಲೆ ಕೊಡೋದು ನ್ಯಾಯವೇ. ಆದ್ರೆ ಪಿಇ 13ರಿಂದ 34ಕ್ಕೆ ಒಂದ್ಸಲ ಏರಬಹುದು, 34ರಿಂದ ಮತ್ತೆ ಎರಡೂವರೆ ಪಟ್ಟು ಏರಿ 85 ಆಗುತ್ತೆ ಅಂತ ಲೆಕ್ಕ ಇಟ್ಕೊಂಡು ಯಾರೂ ದುಡ್ಡು ಹಾಕ್ಬಾರ್ದು.

ಒಳ್ಳೆ ಕಂಪನಿ ಅಲ್ವಾ, ರೇಟ್ ಎಷ್ಟಿದ್ರೇನು ಅನ್ನೋರಿಗೆ ಮೈಕ್ರೋಸಾಫ್ಟ್ ಕಥೆ ಗೊತ್ತಿರ್ಬೇಕು. 1999ರ ಡಿಸೆಂಬರಲ್ಲಿ ಆ ಷೇರು 60 ಡಾಲರ್ ಹತ್ತಿರ ಹೋಗಿತ್ತು, ಮತ್ತೆ ಆ ಮಟ್ಟ ದಾಟಿದ್ದು 2016ರ ಅಕ್ಟೋಬರಲ್ಲಿ. ಮಧ್ಯೆ ಕಂಪನಿ ಮಲಗಿರ್ಲಿಲ್ಲ, 2000ದಲ್ಲಿ 9.4 ಬಿಲಿಯನ್ ಇದ್ದ ಲಾಭ 2014ಕ್ಕೆ 22 ಬಿಲಿಯನ್ ಆಗಿತ್ತು. ಲಾಭ ಎರಡು ಪಟ್ಟು ದಾಟಿದ್ರೂ, ತುದೀಲಿ ತಗೊಂಡೋರು ಡಿವಿಡೆಂಡ್ (ಕಂಪನಿ ಲಾಭದಲ್ಲಿ ಷೇರುದಾರರಿಗೆ ಹಂಚೋ ದುಡ್ಡು) ಬಿಟ್ರೆ ಹೆಚ್ಚುಕಮ್ಮಿ ಹದಿನೇಳು ವರ್ಷ ಕಾದ್ರು. ಆಪಲ್‌ಗೂ ಹಾಗೇ ಆಗುತ್ತೆ ಅಂತ ನಾನು ಹೇಳ್ತಿಲ್ಲ, ಆಗಿನ ಮೈಕ್ರೋಸಾಫ್ಟ್ ಪಿಇ ಇದಕ್ಕಿಂತ ತುಂಬಾ ಜಾಸ್ತಿ ಇತ್ತು. ಆದ್ರೆ ಕಂಪನಿ ಗೆದ್ರೂ ಷೇರುದಾರ ಸೋಲಬಹುದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾಗಿಲ್ಲ.

ಅಮೆರಿಕದ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ಹೆಸರು ಹೇಳಿ ಆಪಲ್ ತಗೊಳೋರಿಗೂ ಒಂದು ಮಾತು. ಅವರ ಬರ್ಕ್‌ಷೈರ್ ಹ್ಯಾಥವೇ ಆಪಲ್ ಕೊಳ್ಳೋಕೆ ಶುರು ಮಾಡಿದ್ದು 2016ರಲ್ಲಿ, ಅಂದ್ರೆ ಪಿಇ ಹನ್ನೊಂದು ಹದಿಮೂರು ಇದ್ದಾಗ. 2023ರ ಕೊನೇಲಿ ಸುಮಾರು 90 ಕೋಟಿ ಷೇರಿತ್ತು, 2024ರ ಸೆಪ್ಟೆಂಬರ್ ಹೊತ್ತಿಗೆ 30 ಕೋಟಿಗೆ ಇಳಿಸಿದ್ರು. ಅವರು ಕೊಂಡಿದ್ದು ಇದೇ ಕಂಪನಿ ನಿಜ, ಆದ್ರೆ ಈ ರೇಟಿಗಲ್ಲ.

ಹೆಜ್ಜೆ 4: ಬೈಬ್ಯಾಕ್ ಮೊದಲಿನಷ್ಟು ಕೆಲಸ ಮಾಡ್ತಿದೆಯಾ?

2024ರ ಮೇನಲ್ಲಿ ಆಪಲ್ 110 ಬಿಲಿಯನ್ ಡಾಲರ್ ಬೈಬ್ಯಾಕ್ ಘೋಷಣೆ ಮಾಡಿತು, ಅಮೆರಿಕದ ಇತಿಹಾಸದಲ್ಲೇ ಅಷ್ಟು ದೊಡ್ಡದು ಆವರೆಗೆ ಬಂದಿರ್ಲಿಲ್ಲ. ಕೇಳೋಕೆ ಭಾರಿ ಅನ್ಸುತ್ತೆ, ಆದ್ರೆ ಷೇರು ದುಬಾರಿ ಆದಷ್ಟೂ ಅದೇ ದುಡ್ಡಿಗೆ ಸಿಗೋ ಷೇರು ಕಮ್ಮಿ. 2016ರಲ್ಲಿ ಇಡೀ ಕಂಪನಿ ಬೆಲೆ 600 ಬಿಲಿಯನ್ ಆಸುಪಾಸು, ಆಗ 30 ಬಿಲಿಯನ್ ಹಾಕಿದ್ರೆ 5 ಪರ್ಸೆಂಟ್ ಷೇರು ಸಿಗ್ತಿತ್ತು. 2025ರ ಸೆಪ್ಟೆಂಬರ್ ಕೊನೇಲಿ ಬೆಲೆ 3,700 ಬಿಲಿಯನ್ ದಾಟಿತ್ತು, ಆ ಬೆಲೆಗೆ 30ರ ಮೂರು ಪಟ್ಟು ಅಂದ್ರೆ 90 ಬಿಲಿಯನ್ ಹಾಕಿದ್ರೂ ಎರಡೂವರೆ ಪರ್ಸೆಂಟ್ ಕೂಡ ತುಂಬಲ್ಲ. ಡಿವಿಡೆಂಡ್ ಅಂತೂ ವರ್ಷಕ್ಕೆ ಅರ್ಧ ಪರ್ಸೆಂಟಿಗಿಂತ ಕಮ್ಮಿ, ಅದನ್ನ ನಂಬ್ಕೊಂಡು ತಗೊಳೋ ಷೇರಲ್ಲ ಇದು.

ಹೆಜ್ಜೆ 5: ಅಪಾಯಗಳನ್ನ ದುಡ್ಡಿನ ಲೆಕ್ಕದಲ್ಲಿ ಬರೀರಿ

ಟೆನ್-ಕೆನಲ್ಲಿ ರಿಸ್ಕ್ ಅಂತ ಉದ್ದ ಪಟ್ಟಿ ಇರುತ್ತೆ, ಎಲ್ಲದಕ್ಕೂ ಒಂದೇ ತೂಕ ಕೊಟ್ರೆ ಏನೂ ಅರ್ಥ ಆಗಲ್ಲ. ಪ್ರತಿಯೊಂದರ ಮುಂದೆ "ಇದು ಹೋದ್ರೆ ಎಷ್ಟು ಬಿಲಿಯನ್ ಹೋಗುತ್ತೆ" ಅಂತ ಬರೀರಿ.

ಗೂಗಲ್ ದುಡ್ಡು ತಗೊಳ್ಳಿ. ಆಪಲ್‌ನ ಬ್ರೌಸರ್ ಸಫಾರಿಯಲ್ಲಿ ಗೂಗಲ್ಲೇ ಡಿಫಾಲ್ಟ್ ಸರ್ಚ್ ಆಗಿರೋಕೆ 2022ರಲ್ಲಿ ಗೂಗಲ್ ಆಪಲ್‌ಗೆ 20 ಬಿಲಿಯನ್ ಡಾಲರ್ ಕೊಟ್ಟಿತ್ತು ಅಂತ ಅಮೆರಿಕ ಸರ್ಕಾರ ಗೂಗಲ್ ಮೇಲೆ ಹಾಕಿದ ಕೇಸಿನ ದಾಖಲೆಗಳಲ್ಲಿ ಹೊರಬಂತು. ಆ ವರ್ಷ ಆಪಲ್‌ನ ಆಪರೇಟಿಂಗ್ ಲಾಭ (ಬಡ್ಡಿ, ತೆರಿಗೆ ಲೆಕ್ಕಕ್ಕೆ ಮುಂಚೆ ವ್ಯಾಪಾರದಿಂದ ಉಳಿದಿದ್ದು) 119 ಬಿಲಿಯನ್, ಈ 20 ಬಿಲಿಯನ್‌ಗೆ ಆಪಲ್ ಮಾಡ್ಬೇಕಾದ ಖರ್ಚು ಹೆಚ್ಚುಕಮ್ಮಿ ಏನೂ ಇಲ್ಲ, ಹಾಗಾಗಿ ಲಾಭದ ಆರನೇ ಒಂದು ಭಾಗ ಒಂದೇ ಒಪ್ಪಂದದ ಮೇಲೆ ನಿಂತಿತ್ತು! 2024ರ ಆಗಸ್ಟಲ್ಲಿ ಜಡ್ಜ್ ಅಮಿತ್ ಮೆಹ್ತಾ ಗೂಗಲ್ ಕಾನೂನು ಮೀರಿದೆ ಅಂದ್ರು, 2025ರ ಸೆಪ್ಟೆಂಬರ್ 2ಕ್ಕೆ ಪರಿಹಾರದ ಆದೇಶ ಬಂದಾಗ ಎಕ್ಸ್‌ಕ್ಲೂಸಿವ್ ಒಪ್ಪಂದ ಮಾಡಂಗಿಲ್ಲ, ದುಡ್ಡು ಕೊಡೋದನ್ನ ಪೂರ್ತಿ ನಿಲ್ಲಿಸಲ್ಲ ಅಂದ್ರು. ಆಪಲ್ ಷೇರುದಾರರಿಗೆ ಅದು ದೊಡ್ಡ ನೆಮ್ಮದಿ. ಆದ್ರೂ ಜನ ಸರ್ಚ್ ಬಿಟ್ಟು ಎಐ ಚಾಟ್‌ಬಾಟನ್ನ ಕೇಳೋದು ಜಾಸ್ತಿ ಆದ್ರೆ ಈ ದುಡ್ಡು ಕೋರ್ಟ್ ಆದೇಶ ಇಲ್ದೇನೇ ಕರಗಬಹುದು, ಅದನ್ನ ಮರೀಬೇಡಿ.

ಚೀನಾ ಭಾಗದ ಸೇಲ್ಸ್ 2022ರಲ್ಲಿ 74 ಬಿಲಿಯನ್ ಇದ್ದಿದ್ದು 2025ರಲ್ಲಿ 64. ಆಪ್ ಸ್ಟೋರ್ ಕಮಿಷನ್ ಮೇಲೆ ಯುರೋಪಲ್ಲೂ ಅಮೆರಿಕದಲ್ಲೂ ಒತ್ತಡ ಇದೆ, 2025ರ ಏಪ್ರಿಲಲ್ಲಿ ಯುರೋಪಿಯನ್ ಕಮಿಷನ್ 500 ಮಿಲಿಯನ್ ಯೂರೋ ದಂಡ ಹಾಕಿತು. ದಂಡ ಆಪಲ್‌ಗೆ ಚಿಲ್ಲರೆ ಕಾಸು, ಕಮಿಷನ್ ರೇಟು ಇಳಿದ್ರೆ ಮಾತ್ರ ನಿಜವಾದ ಪೆಟ್ಟು.

ಇನ್ನು ಎಐ. 2024ರ ಜೂನಲ್ಲಿ ತೋರಿಸಿದ ಹೊಸ ಸಿರಿಯನ್ನ (ಮಾತಾಡಿಸಿದ್ರೆ ಉತ್ತರ ಕೊಡೋ ಆಪಲ್‌ನ ಸಹಾಯಕ) 2025ರ ಮಾರ್ಚಲ್ಲಿ ಮುಂದಕ್ಕೆ ಹಾಕಿದ್ರು, ಹಿಂದೆ ಬಿದ್ದಿರೋದು ನಿಜ. ಆದ್ರೆ ಬೇರೆ ದೊಡ್ಡ ಕಂಪನಿಗಳು ಡೇಟಾ ಸೆಂಟರಿಗೆ ಸುರೀತಿರೋ ದುಡ್ಡಿನ ಮುಂದೆ ಆಪಲ್‌ನ ಬಂಡವಾಳ ಖರ್ಚು 2025ರಲ್ಲಿ 13 ಬಿಲಿಯನ್ ಹತ್ತಿರ ಅಷ್ಟೇ, ಅಲ್ಲಿ ದುಡ್ಡು ಮುಳುಗಿದ್ರೆ ಆಪಲ್‌ಗೆ ಅಷ್ಟು ನೋವಾಗಲ್ಲ. ನನ್ನ ಪ್ರಕಾರ ಇದು ಎರಡೂ ಕಡೆ ವಾಲಬಹುದು, ಇದೊಂದನ್ನೇ ಹಿಡ್ಕೊಂಡು ಷೇರು ಮಾರೋದೂ ಬೇಡ ಕೊಳ್ಳೋದೂ ಬೇಡ.

ಹೆಜ್ಜೆ 6: ಹತ್ತು ವರ್ಷದ ಲೆಕ್ಕ

ಈಗ ಹಾಳೆ ಮೇಲೆ ಎರಡೇ ಊಹೆ ಬರೀರಿ: ಇಪಿಎಸ್ ವರ್ಷಕ್ಕೆ ಎಷ್ಟು ಬೆಳೆಯುತ್ತೆ, ಹತ್ತು ವರ್ಷ ಆದ್ಮೇಲೆ ಪಿಇ ಎಷ್ಟಿರುತ್ತೆ. ಆಮೇಲೆ ಗುಣಾಕಾರ. 2022ರಿಂದ 2025ರವರೆಗೆ ಇಪಿಎಸ್ 6.11ರಿಂದ 7.46 ಆಗಿದೆ, ವರ್ಷಕ್ಕೆ 7 ಪರ್ಸೆಂಟ್. ನಾನು ಸ್ವಲ್ಪ ಉದಾರವಾಗಿ 8 ಹಿಡೀತೀನಿ.

7.46 ಹತ್ತು ವರ್ಷ 8 ಪರ್ಸೆಂಟ್ ಬೆಳೆದ್ರೆ ಸುಮಾರು 16 ಡಾಲರ್. ಪಿಇ ಆಗಲೂ 34 ಇದ್ರೆ ಷೇರು 548, ನಿಮಗೆ ಬರೋದು ವರ್ಷಕ್ಕೆ 8 ಪರ್ಸೆಂಟ್. ಪಿಇ 28ಕ್ಕೆ ಇಳಿದ್ರೆ 450, ವರ್ಷಕ್ಕೆ 6ಕ್ಕಿಂತ ಸ್ವಲ್ಪ ಕಮ್ಮಿ. 22ಕ್ಕೆ ಇಳಿದ್ರೆ 354, ವರ್ಷಕ್ಕೆ ಮೂರೂ ಕಾಲು ಪರ್ಸೆಂಟ್ ಆಸುಪಾಸು. ಬೆಳವಣಿಗೆ 5 ಪರ್ಸೆಂಟಿಗೆ ಬಂದು ಪಿಇ 22 ಆದ್ರೆ ಹತ್ತು ವರ್ಷ ಕಾದು 267 ಡಾಲರ್, ಅಂದ್ರೆ ಹಾಕಿದ ದುಡ್ಡು ಇದ್ದಲ್ಲೇ ಇದೆ. ಬೆಳವಣಿಗೆ 12 ಪರ್ಸೆಂಟಿಗೆ ಹೋದ್ರೆ ಪಿಇ 22ರಲ್ಲೂ 7 ಪರ್ಸೆಂಟ್ ಸಿಗುತ್ತೆ. ಎಲ್ಲದಕ್ಕೂ ಅರ್ಧ ಪರ್ಸೆಂಟ್ ಒಳಗಿನ ಡಿವಿಡೆಂಡ್ ಸೇರಿಸ್ಕೊಳ್ಳಿ.

ಇವೆಲ್ಲ 255 ಡಾಲರಿಗೆ ತಗೊಂಡ್ರೆ ಬರೋ ಲೆಕ್ಕ. ನೀವು ಓದೋ ದಿನದ ರೇಟು, ಹೊಸ ಇಪಿಎಸ್ ಹಾಕಿ ಮತ್ತೆ ಮಾಡಿ, ಐದು ನಿಮಿಷದ ಕೆಲಸ.

ಹೆಜ್ಜೆ 7: ನಿಮ್ಮ ಹತ್ರ ಆಗಲೇ ಎಷ್ಟಿದೆ

ಅಮೆರಿಕದ ಎಸ್ ಆಂಡ್ ಪಿ 500 ಅಥವಾ ನಾಸ್ಡಾಕ್ 100 ಇಂಡೆಕ್ಸ್ ಫಂಡ್ (ಒಂದು ಪಟ್ಟಿಯಲ್ಲಿರೋ ದೊಡ್ಡ ಕಂಪನಿಗಳ ಷೇರನ್ನೆಲ್ಲ ಒಟ್ಟಿಗೆ ಕೊಳ್ಳೋ ಫಂಡ್) ಇದ್ರೆ ಅದರೊಳಗೆ ಅತಿ ದೊಡ್ಡ ಪಾಲುಗಳಲ್ಲಿ ಆಪಲ್ ಒಂದು. ಅದರ ಮೇಲೆ ಬೇರೆಯಾಗಿ ಆಪಲ್ ತಗೊಂಡ್ರೆ ಒಂದೇ ಕಂಪನಿ ಮೇಲೆ ಎರಡು ಸಲ ಬಾಜಿ ಕಟ್ಟಿದ ಹಾಗೆ.

ನನ್ನ ಅಭಿಪ್ರಾಯ ಮುಚ್ಚುಮರೆ ಇಲ್ದೆ ಹೇಳ್ತೀನಿ. ಹಳೇ ರೇಟಿಗೆ ತಗೊಂಡು ಕೂತಿರೋರು ಹೆದರಿ ಮಾರೋ ಅಗತ್ಯ ಇಲ್ಲ, ಒಟ್ಟು ಉಳಿತಾಯದಲ್ಲಿ ಇದೊಂದೇ ಷೇರು ಕಾಲು ಭಾಗ ಮೀರಿದ್ರೆ ಸ್ವಲ್ಪ ಇಳಿಸಿ ಬೇರೆ ಕಡೆ ಹಾಕಿ. ಪಿಇ 34ರಲ್ಲಿ ಹೊಸದಾಗಿ ದೊಡ್ಡ ಮೊತ್ತ ಹಾಕೋದು ನಂಗೆ ಒಪ್ಪಿಗೆ ಇಲ್ಲ, 25ರ ಕೆಳಗೆ ಬಂದ್ರೆ ಖುಷಿಯಿಂದ ತಗೋಬಹುದು. ಅಂಥ ದಿನ ಬರಲ್ಲ ಅನ್ಬೇಡಿ, 2019ರ ಜನವರಿಯಲ್ಲಿ ಆಪಲ್‌ನ ಆಗಿನ ಸಿಇಒ ಟಿಮ್ ಕುಕ್ ಸೇಲ್ಸ್ ಅಂದಾಜು ಇಳಿಸಿ ಪತ್ರ ಬರೆದ ಮಾರನೇ ದಿನ ಷೇರು ಒಂದೇ ದಿನದಲ್ಲಿ 10 ಪರ್ಸೆಂಟ್ ಬಿದ್ದಿತ್ತು, ಆಗ ಪಿಇ 12ರ ಹತ್ತಿರ ಇತ್ತು. ಅಲ್ಲಿವರೆಗೆ ಮೂರು ತಿಂಗಳಿಗೊಮ್ಮೆ ರಿಸಲ್ಟ್ ಬಂದಾಗ ಸರ್ವಿಸಸ್ ಬೆಳವಣಿಗೆ ಎರಡಂಕಿಯಲ್ಲಿ ಇದೆಯಾ, ಚೀನಾ ಸೇಲ್ಸ್ ಇಳಿಯೋದು ನಿಂತಿದೆಯಾ, ಇವೆರಡನ್ನ ಮೊದಲು ನೋಡಿ, ಆಮೇಲೆ ಇಪಿಎಸ್ ತೆಗೆದು ಹೆಜ್ಜೆ 6ರ ಲೆಕ್ಕ ಹೊಸದಾಗಿ ಹಾಕಿ.