ಪಕ್ಕೆಯಲ್ಲಿ ದಿಢೀರ್ ನೋವು, ಒಳಗೆ ರಕ್ತಸ್ರಾವ: ಮೂತ್ರಪಿಂಡದ ಗೆಡ್ಡೆ ಕಣ್ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಮೂತ್ರಪಿಂಡದ ಕ್ಯಾನ್ಸರ್ ಬಹುಮಟ್ಟಿಗೆ ಸದ್ದಿಲ್ಲದೆ ಬೆಳೆಯುತ್ತದೆ. ಬೇರಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಅದು ಕಣ್ಣಿಗೆ ಬೀಳುವುದೇ ಹೆಚ್ಚು. ಅಪರೂಪಕ್ಕೊಮ್ಮೆ, ಯಾವ ಏಟೂ ಬಿದ್ದಿರದಿದ್ದರೂ, ಗೆಡ್ಡೆಯಿಂದ ರಕ್ತ ಸೋರಿ ಮೂತ್ರಪಿಂಡದ ಸುತ್ತ ತುಂಬಿಕೊಳ್ಳುತ್ತದೆ. 1856ರಲ್ಲಿ ಈ ಸ್ಥಿತಿಯನ್ನು ವಿವರಿಸಿದ ಜರ್ಮನ್ ವೈದ್ಯ ಕಾರ್ಲ್ ವುಂಡರ್ಲಿಶ್ ಅವರ ಹೆಸರೇ ಇದಕ್ಕೆ ಉಳಿದುಬಂದಿದೆ.

ಪಕ್ಕೆಯಲ್ಲಿ ಹಠಾತ್ತನೆ ತೀವ್ರ ನೋವು, ಅಲ್ಲಿಯೇ ಕೈಗೆ ಸಿಗುವಂತಹ ಊತ, ರಕ್ತದೊತ್ತಡದ ಕುಸಿತ – ಈ ಮೂರೂ ಒಟ್ಟಿಗೆ ಕಾಣಿಸಲೇಬೇಕೆಂದಿಲ್ಲ. ರಕ್ತ ಮೂತ್ರಪಿಂಡದ ಹೊರಗೆ ಸೋರುವುದರಿಂದ ಮೂತ್ರ ತಿಳಿಯಾಗಿಯೇ ಇರಬಹುದು. ನಮ್ಮಲ್ಲಿ ಪಕ್ಕೆನೋವೆಂದರೆ ಕಲ್ಲಿನ ನೋವೇ ಇರಬೇಕೆಂದು ಬಾಳೆದಿಂಡಿನ ರಸ ಕುಡಿಸಿ ಕಾಯುವ ರೂಢಿಯಿದೆ. ನೋವಿನ ಜೊತೆಗೆ ತಲೆಸುತ್ತು, ತಣ್ಣನೆಯ ಬೆವರು, ವೇಗದ ನಾಡಿಬಡಿತ ಕಂಡರೆ ಹಾಗೆ ಕಾಯಬಾರದು. ರೋಗಿಯನ್ನು ಮಲಗಿಸಿ, ತಿನ್ನಲು ಕುಡಿಯಲು ಏನೂ ಕೊಡದೆ, ಅಂಗಡಿಯ ನೋವಿನ ಮಾತ್ರೆಯನ್ನೂ ನುಂಗಿಸದೆ, 108ಕ್ಕೆ ಕರೆ ಮಾಡಿ. ವಾರ್ಫರಿನ್, ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರೆ ಅವುಗಳ ಪಟ್ಟಿಯನ್ನೇ ಒಯ್ಯಿರಿ.

ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಒತ್ತಡವನ್ನು ಸ್ಥಿಮಿತಕ್ಕೆ ತಂದ ಬಳಿಕ ಕಾಂಟ್ರಾಸ್ಟ್ ಸಿ.ಟಿ. ಸ್ಕ್ಯಾನ್ (ರಕ್ತನಾಳಗಳು ಎದ್ದು ಕಾಣುವಂತೆ ಔಷಧ ಚುಚ್ಚಿ ತೆಗೆಯುವ ಸ್ಕ್ಯಾನ್) ಮಾಡುತ್ತಾರೆ. ರಕ್ತಸ್ರಾವ ನಿಲ್ಲದಿದ್ದರೆ, ಸಾಮಾನ್ಯವಾಗಿ ತೊಡೆಸಂದಿನ ರಕ್ತನಾಳದ ಮೂಲಕ ತೆಳುವಾದ ಕೊಳವೆಯನ್ನು ತೂರಿಸಿ, ಸೋರುವ ನಾಳವನ್ನು ಮುಚ್ಚುತ್ತಾರೆ. ಅದಕ್ಕೂ ಬಗ್ಗದಿದ್ದಾಗ ಶಸ್ತ್ರಚಿಕಿತ್ಸೆ.

ಹಲವರು ಎಡವುವುದು ಇದರ ನಂತರ. ಹೆಪ್ಪುಗಟ್ಟಿದ ರಕ್ತದ ದೊಡ್ಡ ಮುದ್ದೆಯ ಹಿಂದೆ ಸಣ್ಣ ಗೆಡ್ಡೆಯೊಂದು ಮರೆಯಾಗಿರಬಹುದಾದ್ದರಿಂದ, ಮೊದಲ ವರದಿಯಲ್ಲಿ ‘ಗೆಡ್ಡೆ ಕಂಡುಬಂದಿಲ್ಲ’ ಎಂದಿದ್ದ ಮಾತ್ರಕ್ಕೆ ಅದು ಇಲ್ಲವೆಂದು ಅರ್ಥವಲ್ಲ. ಕಾರಣ ಕ್ಯಾನ್ಸರ್ ಆಗಿರಲೇಬೇಕೆಂದೂ ಇಲ್ಲ: ಆಂಜಿಯೋಮಯೋಲಿಪೋಮಾ ಎಂಬ ಕೊಬ್ಬಿನಂಶದ ನಿರಪಾಯಕಾರಿ ಗೆಡ್ಡೆಯೂ ರಕ್ತನಾಳಗಳ ಉರಿಯೂತವೂ ಹೀಗೆಯೇ ಕಾಣಿಸಿಕೊಳ್ಳುತ್ತವೆ. ಆದ್ದರಿಂದಲೇ, ರೋಗಿ ಸ್ಥಿರವಾಗಿದ್ದರೆ, ಕಾರಣ ಸ್ಪಷ್ಟವಾಗದೆ ಮೂತ್ರಪಿಂಡವನ್ನು ತೆಗೆಯುವ ಆತುರ ಸಲ್ಲದೆಂಬುದು ನನ್ನ ಅಭಿಪ್ರಾಯ. ರಕ್ತದ ಮುದ್ದೆ ಕರಗಿದ ಮೇಲೆ, ಸಾಮಾನ್ಯವಾಗಿ ಸುಮಾರು 3 ತಿಂಗಳಿಗೆ, ಮತ್ತೆ ಸಿ.ಟಿ. ಅಥವಾ ಎಂ.ಆರ್.ಐ. ಮಾಡಿಸಬೇಕು.

ಡಿಸ್ಚಾರ್ಜ್ ಚೀಟಿಯಲ್ಲಿ ಆ ದಿನಾಂಕವನ್ನು ಬರೆಸಿಕೊಳ್ಳಿ; ವರದಿಯ ಹಾಳೆಯಷ್ಟೇ ಸಾಲದು, ಹೋಲಿಸಿ ನೋಡಲು ಚಿತ್ರಗಳಿರುವ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ನಿಲ್ಲಿಸಿದ್ದ ರಕ್ತ ತೆಳುವಾಗಿಸುವ ಮಾತ್ರೆಯನ್ನು ಮತ್ತೆ ಎಂದು ಆರಂಭಿಸಬೇಕೆಂಬುದನ್ನು ಮೂತ್ರರೋಗ ತಜ್ಞರೂ ಹೃದ್ರೋಗ ತಜ್ಞರೂ ಸೇರಿ ನಿರ್ಧರಿಸಲಿ.