ತಿಂಗಳ ಲಿಂಕ್ ವರದಿ ಬರೆಯುವುದು ಹೇಗೆ?

"ಈ ತಿಂಗಳು 40 ಲಿಂಕ್ ಬಂದಿವೆ ಸರ್" ಅಂತ ಒಂದು ಸಾಲಿನ ಮೇಲ್ ಕಳಿಸಿ ಸುಮ್ಮನಾಗುವವರು ಬಹಳ ಜನ. ಲಿಂಕ್ ಅಂದರೆ ಇಲ್ಲಿ, ಬೇರೆ ಸೈಟಿನವರು ತಮ್ಮ ಪುಟದಿಂದ ನಾವು ನೋಡಿಕೊಳ್ಳುವ ಸೈಟಿಗೆ ಕೊಟ್ಟ ಕೊಂಡಿ. ಯಾವ 40? ಯಾರು ಕೊಟ್ಟಿದ್ದು? ದುಡ್ಡು ಕೊಡುವವರಿಗೆ ಅದು ಗೊತ್ತಾಗಬೇಕು ಅಲ್ವಾ?

ಮೊದಲು ಒಂದು ತಾರೀಖು ಗೊತ್ತು ಮಾಡಿಕೊಳ್ಳಿ. ಗೂಗಲ್ ಸರ್ಚ್ ಕನ್ಸೋಲ್‌ನ (ನಮ್ಮ ಸೈಟು ಗೂಗಲ್‌ನಲ್ಲಿ ಹೇಗಿದೆ ಅಂತ ಸೈಟಿನವರಿಗೆ ತೋರಿಸುವ ಗೂಗಲ್‌ನದೇ ಸಾಧನ) ಲಿಂಕ್ಸ್ ವಿಭಾಗದಲ್ಲಿ ಹೋದ ತಿಂಗಳ ಪಟ್ಟಿಯನ್ನು ಈ ತಿಂಗಳದ್ದರ ಜೊತೆ ಹೋಲಿಸಿ ನೋಡುವ ಅನುಕೂಲ ಇಲ್ಲ. ಹಾಗಾಗಿ ಪ್ರತಿ ತಿಂಗಳು 1ನೇ ತಾರೀಖು ಪಟ್ಟಿ ಇಳಿಸಿಕೊಂಡು, ಫೈಲಿನ ಹೆಸರಲ್ಲೇ ತಿಂಗಳು ಬರೆದಿಡಿ. ಒಂದು ಸಲ ತಪ್ಪಿದರೆ ಆ ತಿಂಗಳ ಪಟ್ಟಿ ಮತ್ತೆ ಸಿಗುವುದಿಲ್ಲ.

ಆಮೇಲೆ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ಹೊಸದು ಯಾವುದು, ಹೋದದ್ದು ಯಾವುದು ಬೇರೆ ಮಾಡಿ. ಗೂಗಲ್ ಎಲ್ಲ ಲಿಂಕನ್ನೂ ತೋರಿಸುವುದಿಲ್ಲ, ಆದ್ದರಿಂದ ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಹೋಯಿತು ಅಂತ ಬರೆಯಬೇಡಿ, ಪುಟ ತೆರೆದು ಕಣ್ಣಾರೆ ನೋಡಿ. ಚಿಕ್ಕಮಗಳೂರು ಕಡೆಯ ಒಂದು ಹೋಂಸ್ಟೇಗೆ ವರದಿ ಮಾಡುವಾಗ ಒಂದು ಪ್ರವಾಸ ಲೇಖನದ ಲಿಂಕ್ ಕಾಣೆಯಾಗಿತ್ತು. ತೆರೆದು ನೋಡಿದರೆ ಲೇಖನ ಹಾಗೇ ಇದೆ, ಲಿಂಕೂ ಇದೆ, ಒತ್ತಿದರೆ 404, ಅಂದರೆ ಪುಟವೇ ಇಲ್ಲ! ಹೋಂಸ್ಟೇಯವರು ರೂಮುಗಳ ಪುಟದ ವಿಳಾಸ ಬದಲಿಸಿ ಹಳೆಯದನ್ನು ಅಳಿಸಿಬಿಟ್ಟಿದ್ದರು. ಹಳೆ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್ ಹಾಕಿದೆವು, ಸರಿಹೋಯಿತು. ಹತ್ತು ಹೊಸ ಲಿಂಕ್ ಹುಡುಕುವುದಕ್ಕಿಂತ ಇದು ನನಗೆ ಹೆಚ್ಚು ಬೆಲೆಯ ಕೆಲಸ.

ಹೊಸ ಲಿಂಕಿಗೆ ಒಂದೊಂದು ಸಾಲು ಸಾಕು: ಯಾವ ಸೈಟು, ನಮ್ಮ ಯಾವ ಪುಟಕ್ಕೆ, ಯಾವ ಪದದ ಮೇಲೆ. ಲಿಂಕ್ ಕೊಟ್ಟ ಪುಟದ ಸೋರ್ಸ್ (ಪುಟದ ಹಿಂದಿನ ಕೋಡ್) ತೆರೆದು ನೋಫಾಲೋ ಇದೆಯಾ ನೋಡಿ. ಈ ಲಿಂಕನ್ನು ನಮ್ಮ ಶಿಫಾರಸು ಅಂತ ಎಣಿಸಬೇಡಿ ಅಂತ ಗೂಗಲ್‌ಗೆ ಹೇಳುವ ಗುರುತು ಅದು. ದುಡ್ಡು ಕೊಟ್ಟು ಹಾಕಿಸಿದ ಲಿಂಕಿಗೆ ನೋಫಾಲೋ ಅಥವಾ 2019ರಲ್ಲಿ ಬಂದ ಸ್ಪಾನ್ಸರ್ಡ್ ಗುರುತು ಇರಲೇಬೇಕು, ಇಲ್ಲದಿದ್ದರೆ ಗೂಗಲ್ ಅದನ್ನು ಸ್ಪ್ಯಾಮ್ ಅನ್ನುತ್ತದೆ. ಅಂಥದ್ದು ಇದ್ದರೆ ಮುಚ್ಚಿಡದೆ ಬೇರೆ ಪಟ್ಟಿಯಲ್ಲಿ ಬರೆಯಿರಿ.

ಮೋಜ್ ಕಂಪನಿಯ ಡಿಎ, ಏಚ್‌ರೆಫ್ಸ್ ಕಂಪನಿಯ ಡಿಆರ್ ಅಂತ ಸೈಟಿನ ಬಲಕ್ಕೆ ಕೊಡುವ ಅಂಕಗಳಿವೆ, ಅವು ಆ ಕಂಪನಿಗಳದೇ ಲೆಕ್ಕ, ಗೂಗಲ್‌ನದಲ್ಲ. ಬೇಕಿದ್ದರೆ ಕೊನೆಗೆ ಹಾಕಿ.

ಲಿಂಕ್ ಸಿಕ್ಕ ನಮ್ಮ ಪುಟಕ್ಕೆ ಗೂಗಲ್ ಹುಡುಕಾಟದಿಂದ ಬಂದ ಕ್ಲಿಕ್ಕುಗಳನ್ನು ಸರ್ಚ್ ಕನ್ಸೋಲ್‌ನದೇ ಪರ್ಫಾರ್ಮೆನ್ಸ್ ವಿಭಾಗದಲ್ಲಿ ನೋಡಿ. ಅಲ್ಲಿ 16 ತಿಂಗಳ ಲೆಕ್ಕ ಇರುತ್ತದೆ, ಹೋದ ವರ್ಷದ ಇದೇ ತಿಂಗಳಿಗೆ ಹೋಲಿಸಿ. ಜುಲೈ ಮಳೆಯ ಹೋಂಸ್ಟೇಯನ್ನು ಡಿಸೆಂಬರ್ ರಜೆಯ ಜೊತೆ ತೂಗಿದರೆ ಏನೂ ತಿಳಿಯುವುದಿಲ್ಲ. ಕ್ಲಿಕ್ ಏರಿದ್ದರೂ ಲಿಂಕಿಂದಲೇ ಏರಿತು ಅಂತ ಬರೆಯಬೇಡಿ, ಅದನ್ನು ಸಾಬೀತು ಮಾಡುವುದು ಕಷ್ಟ.

ಕೊನೆಯಲ್ಲಿ ಲಿಂಕ್ ಕೇಳಿ ಈ ತಿಂಗಳು ಯಾರಿಗೆಲ್ಲ ಮೇಲ್ ಬರೆದಿರಿ, ಯಾರಿಂದ ಇನ್ನೂ ಉತ್ತರ ಬಂದಿಲ್ಲ, ಅವರಿಗೆ ಮತ್ತೆ ಯಾವತ್ತು ಬರೆಯುತ್ತೀರಿ ಅನ್ನುವುದನ್ನು ತಾರೀಖಿನ ಸಮೇತ ಹಾಕಿ ಕಳಿಸಿ.