ಅಡಿಕೆ ಮಾರಲು ಹೇಳಿದವರು ಯಾರು? ಕೃಷಿ ಮಹಿಳೆಯರ ಸಮೀಕ್ಷೆ ಮಾಡುವ ಬಗೆ

ಶಿರಸಿ ಸೀಮೆಯ ಒಂದು ಮನೆಯ ಜಗಲಿಯಲ್ಲಿ ಮೆಟ್ಟುಗತ್ತಿ ಮುಂದಿಟ್ಟುಕೊಂಡು ಚಾಲಿ, ಅಂದರೆ ಒಣಗಿಸಿದ ಅಡಿಕೆ, ಸುಲಿಯುತ್ತಿದ್ದ ಗೃಹಿಣಿಯನ್ನು ಸಮೀಕ್ಷೆಗೆ ಬಂದಿದ್ದ ಯುವಕ ‘ಅಡಿಕೆ ಮಾರಾಟದ ನಿರ್ಧಾರವನ್ನು ಯಾರು ಕೈಗೊಳ್ಳುತ್ತಾರೆ?’ ಎಂದು ಕೇಳಿದ. ಆಕೆ ತಲೆ ಎತ್ತದೆ ‘ಅವ್ರೇ’ ಎಂದರು. ಆತ ‘ಗಂಡ’ ಎಂಬಲ್ಲಿ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದ. ಜೊತೆಯಲ್ಲಿದ್ದ ನಾನು ಆಮೇಲೆ, ಕಳೆದ ಸಲ ಚಾಲಿ ಪೇಟೆಗೆ ಹೋದದ್ದು ಯಾವಾಗ ಎಂದಷ್ಟೇ ವಿಚಾರಿಸಿದೆ. ‘ಮಗಳ ಹಾಸ್ಟೆಲ್ ಫೀ ಕಟ್ಟೋದಿತ್ತು. ರೇಟು ಏರೋವರೆಗೆ ಕಾಯೋದು ಬೇಡ, ಎರಡು ಚೀಲ ಕಳ್ಸಿ ಅಂತ ನಾನೇ ಹೇಳ್ದೆ’ ಎಂದರು. ಅದೇ ಜಗಲಿಯಲ್ಲಿ ಹತ್ತು ನಿಮಿಷದೊಳಗೆ ಬಂದ ಈ ಎರಡು ಉತ್ತರಗಳ ಪೈಕಿ ಲೆಕ್ಕಕ್ಕೆ ಸೇರಿದ್ದು ಮೊದಲನೆಯದು ಮಾತ್ರ.

ಇಂಥ ಸಮೀಕ್ಷೆಗಳಿಗೆ ಸಾಮಾನ್ಯವಾಗಿ ಮಾದರಿಯಾಗಿರುವುದು ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಬಡತನ ಅಧ್ಯಯನ ಕೇಂದ್ರ ಮತ್ತು ಅಮೆರಿಕ ಸರ್ಕಾರದ ಅಂದಿನ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್ ಸೇರಿ 2012ರಲ್ಲಿ ಹೊರತಂದ ಕೃಷಿ ಮಹಿಳಾ ಸಬಲೀಕರಣ ಸೂಚ್ಯಂಕ. ಉತ್ಪಾದನೆ, ಸಂಪನ್ಮೂಲ, ಆದಾಯ, ನಾಯಕತ್ವ ಮತ್ತು ಸಮಯ ಎಂಬ 5 ಕ್ಷೇತ್ರಗಳಲ್ಲಿ 10 ಸೂಚಕಗಳನ್ನು ಅದು ಅಳೆಯುತ್ತದೆ. ಒಟ್ಟು ಅಂಕದಲ್ಲಿ ಈ ಐದು ಕ್ಷೇತ್ರಗಳ ಪಾಲು ಶೇ 90, ಒಂದೇ ಮನೆಯ ಹೆಣ್ಣು ಗಂಡಿನ ನಡುವಣ ಸಮಾನತೆಯ ಪಾಲು ಶೇ 10.

ಮೊದಲು ಮನೆಗಳ ಆಯ್ಕೆ. ಕಾರವಾರದ ಕಡೆ ದುಡಿಮೆಗಾಗಿ ಗಂಡಸರು ಗೋವಾಕ್ಕೆ ಹೋಗಿರುವ ಮನೆಗಳನ್ನು ‘ಗಂಡಸರಿಲ್ಲ’ ಎಂದು ಬಿಟ್ಟುಬಿಡುವ ಅಡ್ಡದಾರಿಯನ್ನು ಹಿಡಿಯಬೇಡಿ. ವಯಸ್ಕ ಗಂಡಸೇ ಇಲ್ಲದ ಮನೆಗೆ ಸಮಾನತೆಯ ಅಂಕ ಬರುವುದಿಲ್ಲ, ಆದರೆ ಐದು ಕ್ಷೇತ್ರಗಳ ಅಂಕಕ್ಕೆ ಆ ಮನೆ ಬೇಕೇ ಬೇಕು.

ಎರಡನೆಯದು ಭಾಷೆ. ಕರಾವಳಿಯ ಅನೇಕ ಮನೆಗಳ ಮಾತು ಕೊಂಕಣಿ. ಪ್ರಶ್ನಾವಳಿ ಕನ್ನಡದಲ್ಲಿ ಮಾತ್ರ ಇದ್ದರೆ ಸಮೀಕ್ಷಕರು ಬಾಗಿಲಲ್ಲಿ ನಿಂತೇ ಅದನ್ನು ಕೊಂಕಣಿಗೆ ತಿರುಗಿಸುತ್ತಾರೆ, ಆಗ ಆರು ಜನ ಆರು ಬೇರೆ ಪ್ರಶ್ನೆಗಳನ್ನು ಕೇಳಿದಂತಾಗುತ್ತದೆ. ಆದ್ದರಿಂದ ಕೊಂಕಣಿ ಪಾಠವನ್ನು ಮೊದಲೇ ಕನ್ನಡ ಲಿಪಿಯಲ್ಲಿ ಬರೆಸಿ, ಅದನ್ನು ಇನ್ನೊಬ್ಬರಿಂದ ಮರಳಿ ಕನ್ನಡಕ್ಕೆ ಮಾಡಿಸಿ ನೋಡಬೇಕು. ಯಂತ್ರಾನುವಾದವನ್ನು ನೆಚ್ಚಬಾರದು. ‘ಕೃಷಿ ಒಳಸುರಿಗಳ ಮೇಲಿನ ನಿಯಂತ್ರಣ’ ಎಂದು ಕೇಳಿದರೆ ಯಾವ ತೋಟದ ಹೆಣ್ಣುಮಗಳೂ ಅದು ಗೊಬ್ಬರದ ವಿಷಯವೆಂದು ಊಹಿಸಲಾರಳು.

ಇನ್ನು ಎಲ್ಲರೂ ಎಡವುವ ನಿರ್ಧಾರದ ಪ್ರಶ್ನೆಗೆ ಬರೋಣ. ಇದನ್ನು ಕ್ಷೇತ್ರಕ್ಕೆ ಒಯ್ಯುವ ಮೊದಲು ಹನ್ನೆರಡು ಮಂದಿ ಮಹಿಳೆಯರ ಮುಂದಾದರೂ ಪರೀಕ್ಷಿಸಲೇಬೇಕು ಎಂಬುದು ನನ್ನ ಹಟ; ಅವರಲ್ಲಿ ತೋಟದ ಒಡತಿಯರು, ಕೂಲಿಗೆ ಹೋಗುವವರು, ಅಂಕೋಲಾ ಕುಮಟೆಯ ಪೇಟೆಗೆ ಸೊಪ್ಪು ತರಕಾರಿ ಹೊತ್ತು ತರುವ ಹಾಲಕ್ಕಿ ಸಮುದಾಯದ ಮಹಿಳೆಯರು ಎಲ್ಲರೂ ಇರಬೇಕು. ಪ್ರಶ್ನೆಯನ್ನು ಓದಿ, ಉತ್ತರ ಪಡೆದು, ‘ನಾನು ಏನು ಕೇಳಿದೆ ಅಂತ ನಿಮಗೆ ಅನ್ನಿಸಿತು? ನಿಮ್ಮ ಮಾತಲ್ಲಿ ಹೇಳಿ’ ಎಂದು ಕೇಳಿ ಸುಮ್ಮನಿರಬೇಕು. ಆಗ ಗುಟ್ಟು ಹೊರಬೀಳುತ್ತದೆ: ಕೆಲವರಿಗೆ ‘ನಿರ್ಧಾರ’ ಎಂದರೆ ಮಂಡಿಗೆ ಹೋಗಿ ವ್ಯಾಪಾರ ಮುಗಿಸಿ ಬರುವುದು, ಕೆಲವರಿಗೆ ದುಡ್ಡು ಎಣಿಸಿಕೊಳ್ಳುವುದು, ಇನ್ನು ಕೆಲವರಿಗೆ ಮನೆಯ ಯಜಮಾನನ ಮರ್ಯಾದೆಯ ಪ್ರಶ್ನೆ. ‘ನಾನೇ’ ಎಂದರೆ ಗಂಡನನ್ನು ಕೀಳು ಮಾಡಿದಂತೆ ಎಂದು ಎಣಿಸುವವರು ನೇರ ಪ್ರಶ್ನೆಗೆ ಎಂದೂ ‘ನಾನೇ’ ಎನ್ನುವುದಿಲ್ಲ.

ಮೂಲ ಪ್ರಶ್ನೆಯನ್ನೇ ಬದಲಿಸಿದರೆ ನಿಮ್ಮ ಅಂಕಗಳನ್ನು ಬೇರೆಡೆಯ ಅಂಕಗಳೊಂದಿಗೆ ಹೋಲಿಸಲು ಬರುವುದಿಲ್ಲ. ಹಾಗಾಗಿ ಅದನ್ನು ಇದ್ದಂತೆಯೇ ಕೇಳಿ, ಉತ್ತರ ಬರೆದುಕೊಂಡು, ಅನಂತರ ಇತ್ತೀಚಿನ ಒಂದು ನಿಜ ಸಂದರ್ಭವನ್ನು ಹಿಡಿಯಿರಿ. ಆ ಸಲ ಮಾತು ಮೊದಲು ಎತ್ತಿದವರು ಯಾರು, ಕೊನೆಗೆ ಯಾರ ಮಾತು ನಡೆಯಿತು, ‘ಬೇಡ’ ಎಂದಿದ್ದರೆ ನಡೆಯುತ್ತಿತ್ತೇ ಎಂಬ ಮೂರು ಉಪಪ್ರಶ್ನೆಗಳು ಸಾಕು. ಇದನ್ನು ಬೆಳೆಬೆಳೆಗೂ ಬೇರೆಯಾಗಿ ಕೇಳಬೇಕು, ಏಕೆಂದರೆ ಬಸಳೆ ಹರಿವೆಯ ಮಡಿಯಲ್ಲಿ ಆಕೆಯದೇ ಆಡಳಿತವಿದ್ದು, ಗದ್ದೆಗೆ ಯಾವ ಬೀಜ ಹಾಕಬೇಕೆಂಬಲ್ಲಿ ಆಕೆಯನ್ನು ಕೇಳುವವರೇ ಇಲ್ಲದಿರಬಹುದು. ‘ಇಬ್ಬರೂ ಸೇರಿ’ ಎಂಬ ಉತ್ತರ ಬಂದಲ್ಲಿ ಈ ಮೂರನ್ನು ಬಿಡುವಂತೆಯೇ ಇಲ್ಲ. ಅದರ ಹಿಂದೆ ನಿಜವಾದ ಸಮಾಲೋಚನೆಯೂ ಇರಬಹುದು, ಬರೀ ತಲೆಯಾಡಿಸುವಿಕೆಯೂ ಇರಬಹುದು. ಉಪಪ್ರಶ್ನೆಗಳ ಬಳಿಕ ಮೊದಲ ಉತ್ತರ ತಪ್ಪೆನಿಸಿದರೂ ಹಿಂದೆ ಹೋಗಿ ಅದನ್ನು ತಿದ್ದಬಾರದು. ಅಚ್ಚುಕಟ್ಟಾಗಿ ಕೆಲಸ ಮಾಡುವ ಸಮೀಕ್ಷಕರೇ ಈ ತಪ್ಪನ್ನು ಹೆಚ್ಚಾಗಿ ಮಾಡುತ್ತಾರೆ. ಎರಡು ಉತ್ತರಗಳ ಅಂತರವೇ ನಮಗೆ ಬೇಕಾದ ಮಾಹಿತಿ.

ಆಸ್ತಿಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಹಿಂದೂ ಕುಟುಂಬಗಳಲ್ಲಿ ಆಗಿನ್ನೂ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕ 1994ರಲ್ಲೇ ಕೊಟ್ಟಿತು, ಮದುವೆಯಾದವರೂ ಸೇರಿದಂತೆ ಇಡೀ ದೇಶಕ್ಕೆ ಅದು 2005ರಲ್ಲಿ ಬಂತು. ಆದರೂ ಪಹಣಿಯಲ್ಲಿ ಹೆಸರಿದೆಯೇ ಎಂಬುದೊಂದೇ ಸಾಲದು. ಆ ಜಾಗ ಮಾರಲು ಅಥವಾ ಅಡವಿಡಲು ಆಕೆಯ ಮಾತು ಬೇಕೇ ಎಂಬುದನ್ನು ಬೇರೆಯಾಗಿ ಕೇಳಿ.

ಸಮಯದ ಲೆಕ್ಕಕ್ಕೆ ಹಿಂದಿನ 24 ಗಂಟೆಗಳನ್ನು ಬೆಳಗಿನ 4ರಿಂದ ನೆನಪಿಸಿಕೊಳ್ಳುವಂತೆ ಹೇಳುತ್ತಾರೆ; ದುಡಿಮೆ 10.5 ಗಂಟೆ ಮೀರಿದರೆ ಅದು ಅತಿಯಾದ ಹೊರೆ. ಗಡಿಯಾರದ ಲೆಕ್ಕದಲ್ಲಿ ಕೇಳಿದರೆ ಉತ್ತರ ಬರುವುದಿಲ್ಲ. ಹಾಲು ಕರೆದದ್ದು, ಡೈರಿಗೆ ಒಯ್ದದ್ದು, ಮಕ್ಕಳ ಬಸ್ಸು ಬಂದದ್ದು ಎಂಬ ಗುರುತುಗಳ ನಡುವೆ ಕೇಳುತ್ತ ಹೋಗಿ. ಅಡಿಕೆ ಸುಲಿಯುತ್ತಲೇ ಮಗುವನ್ನು ನೋಡಿಕೊಂಡದ್ದು ಮೂಲ ಸೂಚ್ಯಂಕದಲ್ಲಿ ಎರಡನೆಯ ಕೆಲಸವಾಗಿ ಅರ್ಧ ಲೆಕ್ಕಕ್ಕೆ ಬರುತ್ತದೆ, ಬರೆಯದಿದ್ದರೆ ಸೊನ್ನೆಯಾಗುತ್ತದೆ. ಅಡಿಕೆ ಗೊನೆ ಕೊಯ್ಲಿನ ಕಾಲದ ಒಂದು ದಿನದಿಂದ ಇಡೀ ವರ್ಷವನ್ನು ಊಹಿಸಬೇಡಿ, ಮಳೆಗಾಲದಲ್ಲಿ ಮತ್ತೊಮ್ಮೆ ಹೋಗಿ.

ಗಂಡನೂ ಉತ್ತರಿಸಬೇಕಾದ್ದರಿಂದ ಇಬ್ಬರು ಸಮೀಕ್ಷಕರು ಒಟ್ಟಿಗೆ ಹೋಗುವುದೇ ಸರಿ: ಒಬ್ಬರು ಆತನೊಂದಿಗೆ ತೋಟ ನೋಡಲು ಇಳಿಯಲಿ, ಇನ್ನೊಬ್ಬರು, ಅದೂ ಹೆಣ್ಣುಮಗಳೇ, ಹಿತ್ತಿಲಲ್ಲಿ ಕೂರಲಿ. ಅದೇ ಊರಿನವರು ಬೇಡ, ಗುಟ್ಟು ಉಳಿಯುವುದಿಲ್ಲ. ಅಗ್ಗದ ಟ್ಯಾಬ್ಲೆಟ್‌ಗಳ ಪರದೆ ಅಂಗಳದ ಬಿಸಿಲಲ್ಲಿ ಕಾಣಿಸುವುದಿಲ್ಲ, ಕೆಲವು ಆ್ಯಪ್‌ಗಳಲ್ಲಿ ಒತ್ತಕ್ಷರಗಳು ಒಡೆದು ಪ್ರಶ್ನೆಯೇ ಓದಲಾಗುವುದಿಲ್ಲ. ಆದ್ದರಿಂದ ಕಾಗದದ ಪ್ರತಿ ಚೀಲದಲ್ಲಿರಲಿ, ಅದರಂಚಿನಲ್ಲಿ ಆಕೆಯ ಮಾತುಗಳನ್ನು ಇದ್ದಂತೆಯೇ ಬರೆಯಲು ಜಾಗವಿರಲಿ. ಸಂಜೆ ಹಾಲು ಕರೆಯುವ ಹೊತ್ತಾದರೆ ಪ್ರಶ್ನೆ ಎಷ್ಟೇ ಉಳಿದಿದ್ದರೂ ಎದ್ದು, ‘ನಾಳೆ ಬರ್ತೇವೆ ಅಕ್ಕಾ’ ಎಂದು ಹೇಳಿ ಹೊರಡಿ. ಆಮೇಲಿನ ಉತ್ತರಗಳೆಲ್ಲ ಕೊಟ್ಟಿಗೆಯ ಕಡೆ ಕಿವಿಯಿಟ್ಟುಕೊಂಡೇ ಬರುತ್ತವೆ.